ಅಜ್ಜಿ ಹಾಕಿದ ಗಂಟು

ಒಣಗಿದ ಸೋರೆಬುರುಡೆ ಎಲ್ಲಿ ಕಂಡರೂ ಈಗಲೂ ಬೆರಳಿನಿಂದ ತಟ್ಟಿ, ಅದರ ಟೊಳ್ಳು ಸದ್ದಿಗೆ ಕಿವಿಗೊಡುತ್ತೇನೆ.

ಐವತ್ತರ ದಶಕದಲ್ಲಿ ಚುಂಚನಕಟ್ಟೆಯ ನಾಲೆಗೆ ನಮ್ಮೂರ ಬಳಿ ಸೇತುವೆ ಇರಲಿಲ್ಲ. ಗದ್ದೆ ಆಚೆ ದಡದಲ್ಲಿತ್ತು. ಮನೆಯ ಹೆಣ್ಣುಮಕ್ಕಳೂ ಈಜು ಕಲಿಯಲೇಬೇಕಿತ್ತು, ಕಲಿಸುವವಳು ಅಜ್ಜಿ. ಬೆನ್ನಿಗೆ ಬುರುಡೆ ಕಟ್ಟಿ ನೀರಿಗೆ ಇಳಿಸುತ್ತಿದ್ದಳು. ಅವಳು ಹಾಕಿದ ಗಂಟು ಎತ್ತು ಜಗ್ಗಿದರೂ ಬಿಚ್ಚುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನಗೆ ಬುರುಡೆ ಕಟ್ಟಿದವಳೇ ಸೀರೆಯ ಕಚ್ಚೆ ಬಿಗಿದು ಆಚೆ ದಡಕ್ಕೆ ಈಜಿದಳು. ಒಲೆಯ ಮುಂದಿನಿಂದ ಸೊಂಟ ಹಿಡಿದುಕೊಂಡು ಏಳುತ್ತಿದ್ದ ಅಜ್ಜಿ ನೀರಿನಲ್ಲಿ ನೀರುಕೋಳಿಯಷ್ಟು ಹಗುರಾಗಿದ್ದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಬಾ ಮಗ, ಕಾಲು ಬಡಿ. ಬುರುಡೆ ಐತಲ್ಲ, ಯಾಕ್ ಎದ್ರುಕೊತೀಯ?" ಎಂದು ಕೂಗಿದಳು.

ಧುಮುಕಿದೆ. ಅವಳ ಮುಖವನ್ನೇ ನೋಡುತ್ತ ಕೈಕಾಲು ಬಡಿದೆ. ನಡುನಾಲೆ ದಾಟುವಾಗ ಪಕ್ಕದಲ್ಲಿ ಏನೋ ತೇಲಿಬಂತು. ನನ್ನದೇ ಬುರುಡೆ! ಹಗ್ಗ ಅದರ ಹಿಂದೆ ಬಾಲದಂತೆ ಬರುತ್ತಿತ್ತು. ನನ್ನ ಬೆನ್ನಿನ ಮೇಲೆ ಏನೂ ಇರಲಿಲ್ಲ. ಆದರೂ ನೀರು ನನ್ನನ್ನು ಹೊತ್ತುಕೊಂಡೇ ಇತ್ತು.

ಅಜ್ಜಿ ನೀರಿಗಿಳಿಯಲಿಲ್ಲ. ದಡದ ಮೇಲೆ ಸೆರಗು ಹಿಂಡುತ್ತ ಹೇಳಿದಳು:

"ಅದುನ್ನ ಇಡ್ಕೊಂಡ್ ಬಾ ಕಣೆ, ತೇಲೋಗ್ಬುಟ್ಟಾತು. ನಾಳೆ ನಿನ್ ತಂಗೀಗೆ ಬೇಕು."