ಊರಿನವರಿಗೆ ಮಾತ್ರ

‘ಇದು ಗುಟ್ಟಿನ ಕಡತ, ಯಾರಿಗೂ ತೋರಿಸುವ ಹಾಗಿಲ್ಲ,’ ಎನ್ನುತ್ತಲೇ ಕೊಚ್ಚಿಯ ಸಾಗಣೆ ಕಚೇರಿಯೊಂದರ ಶಂಭುರಾಯರು ಅದನ್ನು ಸೌದಾಮಿನಿಯ ಕಡೆಗೆ ತಿರುಗಿಸಿದರು. ‘ನೀವು ನಮ್ಮ ಕಾಸರಗೋಡಿನವರಲ್ವಾ! ಮಲಯಾಳದಲ್ಲಿ ಕೇಳಿದ್ದರೆ ಬಾಗಿಲು ತೋರಿಸುತ್ತಿದ್ದೆ.’

ಯುರೇನಿಯಂ ಪೆಟ್ಟಿಗೆಗಳ ಲಾರಿ ಹೋಗುವ ದಾರಿ, ನಿಲ್ಲುವ ಜಾಗ, ಕಾವಲಿಗೆ ಇಬ್ಬರು, ಅವರ ನಡುವೆ ಒಂದು ಕೋವಿ, ಎಲ್ಲವೂ ದುಂಡಗಿನ ಅಕ್ಷರದಲ್ಲಿತ್ತು. ಅಣುವಸ್ತುವನ್ನು ಭಯೋತ್ಪಾದಕರು ಕದಿಯಬಹುದೇ ಎಂಬುದು ತಿರುವನಂತಪುರದಲ್ಲಿ ಓದುತ್ತಿದ್ದ ಸೌದಾಮಿನಿಯ ಎಂ.ಎ. ಪ್ರಬಂಧದ ವಿಷಯ. 1976ರಲ್ಲಿ ಅದನ್ನು ಕೇಳಿ ನಗದ ಪ್ರೊಫೆಸರು ಇರಲಿಲ್ಲ.

‘ಬರೆದುಕೊಳ್ಳಿ ಮಾರಾಯ್ತಿ, ಸಂಕೋಚ ಎಂಥದ್ದು? ನಿಮ್ಮ ಕ್ಲಾಸಿನವರೊಬ್ಬರು ಮೊನ್ನೆಯೇ ಎಲ್ಲ ಬರೆದುಕೊಂಡು ಹೋದರು. ಏನು ಚಂದದ ಕನ್ನಡ ಅವರದ್ದು!’

ಕ್ಲಾಸಿನಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ‘ಆ ಲಾರಿ ಈಗ ಎಲ್ಲುಂಟು ರಾಯರೇ?’

ರಾಯರು ಗಡಿಯಾರ ನೋಡಿದರು. ‘ಆಲುವಾ ದಾಟಿರಬೇಕು.’