ದಾಗಿಸ್ ಗುಂಡು

ಮೂರನೆಯ ಗುಂಡೂ ಹೊಟ್ಟೆಗೇ ಬಿತ್ತು. ಎಂಬತ್ತು ಮೀಟರ್ ಆಚೆ ಹಳಿಯ ಮೇಲೆ ಓಡುತ್ತಿದ್ದ ಕಟ್ಟಿಗೆಯ ಮೂಸ್ ಜಿಂಕೆ ತುದಿಗೆ ಹೋಗಿ ಗಕ್ಕನೆ ನಿಂತಿತು. ಊರ್ಮಿಳಾ ಬಂದೂಕು ಇಳಿಸಿ ಬಲಭುಜ ಒತ್ತಿಕೊಂಡಳು. ಹಿಂದಿನ ಬೆಂಚಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದ ಅವಳ ಅಪ್ಪ ಸಿದ್ದಲಿಂಗ ಮನಸ್ಸಿನಲ್ಲೇ ಕೈ ಮುಗಿದ. ಬೆಳಗಿನ ಪೂಜೆಯಲ್ಲಿ ಅವನು ಬೇಡಿಕೊಂಡದ್ದು ಇದನ್ನೇ: ಮಗಳು ನಪಾಸಾಗಲಿ. ಲಿಂಗ ಕಟ್ಟಿಕೊಂಡ ಮನೆಯ ಹುಡುಗಿಯ ಕೈಯಿಂದ ಒಂದು ಜೀವ ಹೋಗದಿರಲಿ.

ಕಾರ್ಲ್‌ಸ್ಟಾಡಿನ ಹೊರಗಿನ ಈ ಹಳ್ಳಿಯ ಬೇಟೆ ತಂಡದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಓಡುವ ಹಲಗೆಗೆ ನಾಲ್ಕಕ್ಕೆ ನಾಲ್ಕೂ ಎದೆಗೆ ಹೊಡೆದರೆ ಅದು ಊರ್ಮಿಳಾಳದು. ಇವತ್ತು ಸಂಜೆಯೊಳಗೆ ಆಗದಿದ್ದರೆ ಬೇರೆಯವರದು. ಸೋಮವಾರ ಬೇಟೆ ಶುರು. ಮೂಸ್‌ಗೆ ಸ್ವೀಡಿಷಿನಲ್ಲಿ ‘ಎಲ್ಯ್’ ಎನ್ನುತ್ತಾರೆ. ಧಾರವಾಡದ ಕಿವಿಗೆ ಅದು ‘ಎಲಿ’, ಅಂದರೆ ಗಿಡದ ಎಲೆ. “ಎಲಿ ಹೊಡಿಯಾಕ ಬಂದೂಕ ಯಾಕವಾ, ಕತ್ತರಿ ಸಾಲೂದಿಲ್ಲೇನು?” ಎಂದು ತಾಯಿ ಕೋಕಿಲಾ ಮೊದಮೊದಲು ನಗಾಡಿದ್ದಳು. ಆರು ವಾರದ ಅಭ್ಯಾಸದಲ್ಲಿ ಮಗಳ ಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ ಮೇಲೆ ನಗುವುದನ್ನು ಬಿಟ್ಟಳು. ಗಿಯರ್ ಹಾಕಲೂ ಕೈ ಏಳದಾದಾಗ ಕಾರು ಓಡಿಸಿಕೊಂಡು ಬರುವ ಕೆಲಸ ಸಿದ್ದಲಿಂಗನ ಪಾಲಿಗೆ ಬಂತು.

“ಹಗುರದ ಗುಂಡು ಹಾಕು,” ಎಂದಳು ಗುನ್ವೋರ್, ಸ್ವೀಡಿಷಿನಲ್ಲಿ. ಎಪ್ಪತ್ತು ದಾಟಿದ ಆಕೆ ತಂಡದ ನಾಯಕಿ. ಹಿಂದೆ ಇದೇ ಊರಿನ ಶಿಶುವಿಹಾರದಲ್ಲಿ, ಅಂದರೆ ದಾಗಿಸ್‌ನಲ್ಲಿ, ಊರ್ಮಿಳಾಳಿಗೆ ಕೈಗವಸು ಹಾಕಿಕೊಳ್ಳಲು ಕಲಿಸಿದವಳು. “ನೀನು ಹೊಡೆಯುತ್ತಿರುವುದು ಹದಿನೆಂಟೂವರೆ ಗ್ರಾಂ. ಇದು ಹದಿನೈದು. ಬಂದೂಕು ಅದೇ, ಒದೆತ ಕಡಿಮೆ. ಕಾನೂನಿಗೂ ಸರಿ. ಭುಜದ ಆಪರೇಷನ್ ಆದ ಮೇಲೆ ನಾನೂ ಇದನ್ನೇ ಹಾಕುವುದು.”

“ಬೇಡ. ಹುಡುಗರು ಅದಕ್ಕೆ ದಾಗಿಸ್ ಗುಂಡು ಅಂತಾರೆ.”

“ಅವರಲ್ಲಿ ಅರ್ಧ ಜನರ ಮೂಗು ಒರೆಸಿದವಳು ನಾನು. ಅನ್ನಲಿ ಬಿಡು.”

ಊರ್ಮಿಳಾ ನಗಲಿಲ್ಲ. ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: “ಲೈಟ್ ಬುಲೆಟ್ ಹಾಕ್ಕೊಂಡು ಸೇರಿದ್ರ, ಪಾಪ ಇಂಡಿಯನ್ ಹುಡುಗಿ, ಕನ್ಸೆಷನ್ ಕೊಟ್ರು ಅಂತಾರ ಅಪ್ಪಾ. ನಂಗ ಅದು ಬ್ಯಾಡ.”

“ನಾ ಏನರ ಅಂದೇನೇನು?” ಎಂದ ಸಿದ್ದಲಿಂಗ. ಅವಳ ಈ ಹಟ ಅವನಿಗೆ ಅನುಕೂಲವೇ ಆಗಿತ್ತು.

ಗುನ್ವೋರ್ ಹತ್ತಿರ ಬಂದಳು. ಬಂದೂಕು ಇಸಿದುಕೊಂಡು, ಬೆನ್ನು ತಿರುಗಿಸಿ ತೋಟಾ ತುಂಬಿ, ಮತ್ತೆ ಅವಳ ಕೈಗಿಟ್ಟಳು. ಹಲಗೆ ಓಡಿತು. ಊರ್ಮಿಳಾ ಗುರಿ ಹಿಡಿದು ಕುದುರೆ ಎಳೆದಳು. ‘ಟಿಕ್’ ಎಂದಿತು, ಅಷ್ಟೇ. ಮುದುಕಿ ಒಳಗೆ ಇಟ್ಟಿದ್ದು ಹಾರಿಸಿದ ಖಾಲಿ ತೋಟಾ. ಆದರೂ ನಳಿಗೆ ಕೆಳಕ್ಕೆ ಮುಗ್ಗರಿಸಿತು, ಭುಜ ಹಿಂದಕ್ಕೆ ಹಾರಿತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು. ಸಿದ್ದಲಿಂಗ ಅದನ್ನು ಕಣ್ಣಾರೆ ನೋಡಿದ. ಹೊಡೆತ ಬಂದೇ ಇರಲಿಲ್ಲ. ಮಗಳ ಮೈ ಆಗಲೇ ಅದನ್ನು ತಿಂದು ಮುದುಡಿತ್ತು.

ತೂತು ಮುಚ್ಚಲು ಬಿಳಿ ಚೀಟಿ ಹಿಡಿದು ಹೊರಟ ಗುನ್ವೋರಳ ಹಿಂದೆ ಅವನೂ ಹಲಗೆಯ ತನಕ ನಡೆದ. ಪಕ್ಕೆಲುಬಿನ ಕೆಳಗೆ ಮೂರು ತೂತು.

“ಇದು ನಿಜವಾದ ಪ್ರಾಣಿ ಆಗಿದ್ದರೆ?” ಎಂದು ಕೇಳಿದ.

“ಓಡುತ್ತದೆ. ಕಾಡಿನೊಳಗೆ ಎಲ್ಲೋ ಹೋಗಿ ಮಲಗುತ್ತದೆ. ನಾಯಿ ಬಿಟ್ಟು ಹುಡುಕುತ್ತೇವೆ. ಸಂಜೆಗೆ ಸಿಗಬಹುದು, ಮಾರನೆಯ ದಿನವೂ ಆಗಬಹುದು.”

“ಅಲ್ಲಿಯವರೆಗೆ ಜೀವ ಇರುತ್ತದೆಯೇ?”

“ಇರುತ್ತದೆ, ಸಿದ್ದ.”

“ಇವತ್ತು ಇವಳು ನಪಾಸಾದರೆ?”

“ಬರುವ ವರ್ಷ ಮತ್ತೆ ಬರುತ್ತಾಳೆ. ಮೂರು ವರ್ಷದವಳಿದ್ದಾಗಿನಿಂದ ನೋಡಿದ್ದೇನೆ ಇವಳ ಹಟ.”

ಸಿದ್ದಲಿಂಗ ನಿಧಾನವಾಗಿ ಹಿಂದಿರುಗಿದ. ಬೆಳಗ್ಗೆ ಬೇಡಿಕೊಂಡದ್ದನ್ನು ಬೇಡವೆಂದು ಹೇಳುವುದು ಹೇಗೋ ಅವನಿಗೆ ತಿಳಿಯಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಇವತ್ತಿನ ಮಟ್ಟಿಗೆ ಅವನು ಬೇಡಿದ್ದು ಸಿಕ್ಕಿಬಿಡುತ್ತಿತ್ತು.

“ಊರ್ಮಿ, ಆ ಹಗೂರದ್ದ ಹಾಕ್ಕೊ.”

“ನೀವ ಹೇಳ್ತೀರೇನು ಇದನ್ನ? ನಾ ಶೂಟ್ ಮಾಡೋದ ಬ್ಯಾಡ ನಿಮಗ!”

“ಬ್ಯಾಡ. ಇವತ್ತೂ ಬ್ಯಾಡ, ನಾಳೆನೂ ಬ್ಯಾಡ. ಆದ್ರ ನೀ ಬಿಡಾಕಿ ಅಲ್ಲ. ಗುಂಡ ಇನ್ನೂ ಹಾರಿರೂದಿಲ್ಲ, ನಿನ್ನ ಭುಜ ಅಂಜತೈತಿ. ಆ ಅಂಜಿಕಿ ಹೋಗಿ ಅದರ ಹೊಟ್ಟಿಗೆ ಬೀಳತೈತಿ. ಮಂದಿ ಏನರ ಅಂದ್ಕೊಳ್ಳಲಿ. ನಿನ್ನ ಹಟಕ್ಕ ಅದ್ಯಾಕ ರಾತ್ರಿಯೆಲ್ಲಾ ನರಳಬೇಕು?”

ಊರ್ಮಿಳಾ ಬಂದೂಕಿನೊಳಗಿನ ಖಾಲಿ ತೋಟಾ ಹೊರಗೆ ತೆಗೆದಳು. ಆಮೇಲೆ ತಲೆ ಎತ್ತದೆಯೇ ಗುನ್ವೋರಳ ಕಡೆ ಕೈ ಚಾಚಿದಳು.

ಗುಂಡು ಬದಲಾದರೆ ಅದು ತಾಗುವ ಜಾಗವೂ ಬದಲಾಗುತ್ತದೆ. ಕಾಗದಕ್ಕೆ ಮೂರು ಹೊಡೆದು ನೋಡಿ, ಬಂದೂಕಿನ ಮೇಲಿನ ದುರ್ಬೀನಿನ ತಿರುಪು ತಿರುಗಿಸಿ ಸರಿ ಮಾಡಿಕೊಳ್ಳುವಷ್ಟರಲ್ಲಿ ಸಂಜೆಯ ಇಳಿಬಿಸಿಲು ಪೈನ್ ಮರಗಳ ನೆತ್ತಿಗೆ ಏರಿತ್ತು. ಹಲಗೆ ನಾಲ್ಕು ಸಲ ಓಡಿತು. ಊರ್ಮಿಳಾಳ ಕಣ್ಣು ತೆರೆದೇ ಇದ್ದವು. ಸಿದ್ದಲಿಂಗನೂ ಈ ಸಲ ಮುಖ ತಿರುಗಿಸಲಿಲ್ಲ.

ಮೂವರೂ ಹಲಗೆಯ ಬಳಿ ಹೋದರು. ಮುಂಗಾಲಿನ ಹಿಂದೆ, ಎದೆಯ ಮೇಲೆ ನಾಲ್ಕು ತೂತು. ಸಿದ್ದಲಿಂಗ ಕೈ ಇಟ್ಟು ನೋಡಿದ. ನಾಲ್ಕೂ ಅವನ ಅಂಗೈಯಡಿ ಮುಚ್ಚಿಹೋದವು.

“ಸೋಮವಾರ ಆರು ಗಂಟೆಗೆ ಬಾ,” ಎಂದಳು ಗುನ್ವೋರ್.

ಊರ್ಮಿಳಾ ಕೈಯನ್ನು ಗಿರಗಿರನೆ ತಿರುಗಿಸಿ ಕುಣಿದಳು. “ಅಪ್ಪಾ, ನೋವಾಗ್ಲೇ ಇಲ್ಲ! ಖರೇನ, ಒಂಚೂರೂ ನೋವಾಗ್ಲಿಲ್ಲ!”

“ಇದಕ್ಕೂ ಆಗಿಲ್ಲ ಬಿಡವಾ,” ಎಂದ ಸಿದ್ದಲಿಂಗ, ಕೈ ತೆಗೆಯದೆ. “ಇದು ಕಟಗೀದು.”