ನಿನ್ನೆ ಮಧ್ಯಾಹ್ನದ ಊಟ

“ನಿನ್ನೆ ಮಧ್ಯಾಹ್ನ ಏನು ತಿಂದ್ರಿ?” ಎಂದು ಆಸ್ಪತ್ರೆಯ ಆಹಾರ ತಜ್ಞೆ ಎರಡನೆಯ ಸಲ ಕೇಳಿದಳು. ಮುಟ್ಟು ನಿಂತು ಆರು ವರ್ಷವಾಗಿದ್ದ ಟೈಲರಮ್ಮ ಸೆರಗಿನ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಸವರುತ್ತ ಕೂತಿದ್ದಳು. ಈ ತಿಂಗಳು ಎರಡು ಸಲ ಅಳತೆ ಮರೆತು ಗಿರಾಕಿಗಳ ಬಟ್ಟೆ ಕತ್ತರಿಸಿದ್ದಳೆಂದು ಮಗಳು ಅವಳನ್ನು ಇಲ್ಲಿಗೆ ಎಳೆದು ತಂದಿದ್ದಳು. ರಕ್ತಪರೀಕ್ಷೆಯಲ್ಲಿ ಬಿ12, ಕಬ್ಬಿಣ ಎರಡೂ ತಳ ಕಂಡಿದ್ದವು.

“ನೋಡಿದ್ರಾ ಮೇಡಂ? ನಿನ್ನೇದೇ ನೆನಪಿಲ್ಲ,” ಎಂದಳು ಮಗಳು.

ಟೈಲರಮ್ಮನ ಪಿತ್ತ ನೆತ್ತಿಗೇರಿತು. “ಯಾರಿಗೆ ನೆನಪಿಲ್ಲ? ನಿಮ್ಮಪ್ಪ ಮೀನಿಗೆ ಉಪ್ಪು ಸಾಲದು ಅಂತ ಮುಖ ಗಂಟು ಹಾಕ್ಕೊಂಡೇ ನಾಲ್ಕು ತುಂಡು ತಿಂದ್ರು. ನಿನ್ನ ಮಗಳಿಗೆ ಅನ್ನ ಬೇಡ, ಬ್ರೆಡ್ಡೇ ಆಗ್ಬೇಕಿತ್ತು. ನೀನು ಎರಡು ಮೊಟ್ಟೆ ತಿಂದು, ಒಳಗಿನ ಹಳದೀನ ತಟ್ಟೇಲೇ ಬಿಟ್ಟು ಎದ್ದೆ.”

“ಅವರದೆಲ್ಲ ಸರಿ. ನೀವೇನು ತಿಂದ್ರಿ ಅಮ್ಮಾ?” ತಜ್ಞೆಯ ಪೆನ್ನು ಖಾಲಿ ಸಾಲಿನ ಮೇಲೆ ಕಾಯುತ್ತಿತ್ತು.

ಟೈಲರಮ್ಮ ತಜ್ಞೆಯ ಕಡೆ ತಿರುಗಿದಳು. “ಆ ಹಳದೀನ ಬಾಯಿಗೆ ಹಾಕ್ಕೊಂಡು ತಟ್ಟೆ ತೊಳೆದೆ. ಹೊಲಿಯೋದು ಬೆಟ್ಟದಷ್ಟಿತ್ತು, ಹೋಗಿ ಮಷಿನ್ ಮುಂದೆ ಕೂತೆ. ಅದನ್ನ ಊಟ ಅಂತ ಬರ್ಕೋತೀರಾ? ಹೇಳಿ!”

ಅಲ್ಲಿಯವರೆಗೆ ಪ್ರತಿ ಪ್ರಶ್ನೆಗೂ ಅಮ್ಮನ ಪರವಾಗಿ ತಾನೇ ಉತ್ತರ ಕೊಡುತ್ತಿದ್ದ ಮಗಳು ಈಗ ಆ ಖಾಲಿ ಸಾಲಿನಿಂದ ಕಣ್ಣು ತೆಗೆದು ಅಮ್ಮನ ಮುಖ ನೋಡಿದಳು.